ಟೆಕ್ ಟಾಕ್‌ನಲ್ಲಿ ನಗಿಸೋದು ಹೇಗೆ: ವಾಟ್ಸಾಪ್ ಜೋಕ್ ಬಿಡಿ, ನಿಮ್ಮದೇ ಲಾಗ್ ತೆಗೀರಿ

ಆಫೀಸ್‌ನಲ್ಲಿ, ಮೀಟಪ್‌ಗಳಲ್ಲಿ ಟಾಕ್ ಕೊಡೋ ಹುಡುಗ್ರು ಹುಡುಗೀರು ಸ್ಲೈಡ್ ಕಳ್ಸಿ "ಸರ್, ಒಂದ್ಸಲ ನೋಡಿ ಹೇಳಿ" ಅಂತಾರೆ, ನಾನೂ ನೋಡ್ತೀನಿ, ನೋಡಿದ್ರೆ ಪ್ರತಿ ಸಲ ಅದೇ ತಪ್ಪು. ಎರಡನೇ ಸ್ಲೈಡಲ್ಲಿ ಒಂದು ಮೀಮ್, ಮಧ್ಯದಲ್ಲಿ ಸಿಲ್ಕ್ ಬೋರ್ಡ್ ಟ್ರಾಫಿಕ್ ಜೋಕು, ಕೊನೇಲಿ "ಇದು ಬಗ್ ಅಲ್ಲ, ಫೀಚರ್". ಟಾಕ್ ಮುಗಿದ್ಮೇಲೆ ಮುಖ ಸಣ್ಣ ಮಾಡ್ಕೊಂಡು ಬಂದು "ಯಾರೂ ನಗ್ಲೇ ಇಲ್ಲ ಸರ್, ಆಡಿಯನ್ಸ್ ಡಲ್ಲು" ಅಂತಾರೆ. ಆಡಿಯನ್ಸ್ ಡಲ್ಲಾಗಿರ್ಲಿಲ್ಲ, ಆ ಮೂರೂ ಜೋಕನ್ನ ಅವರು ಬೆಳಗ್ಗೆಯಿಂದ ಮೂರು ಬೇರೆ ಟಾಕ್‌ನಲ್ಲಿ ಕೇಳಿದ್ರು.

ನಾನೂ ಇದನ್ನೇ ಮಾಡಿ ಬಿದ್ದಿದ್ದೀನಿ. ಮೊದಲ ಮೀಟಪ್ ಟಾಕ್, ವಿಷಯ ಡೇಟಾಬೇಸ್ ಲಾಕ್, ಯಾರೋ ಫಾರ್ವರ್ಡ್ ಮಾಡಿದ್ದ ಗಂಡ ಹೆಂಡತಿ ಬಾತ್‌ರೂಮ್ ಡೆಡ್‌ಲಾಕ್ (ಇಬ್ರೂ ಒಬ್ರಿಗೊಬ್ರು ಕಾಯ್ತಾ ನಿಂತುಬಿಡೋದು) ಜೋಕ್ ಹೇಳ್ದೆ, ಸುಮಾರು ಅರವತ್ತು ಜನ ಇದ್ರು, ಎಸಿ ಸದ್ದು ಸ್ಪಷ್ಟವಾಗಿ ಕೇಳಿಸ್ತು. ಹತ್ತು ನಿಮಿಷ ಆದ್ಮೇಲೆ ಸ್ಕೀಮಾ ತೋರಿಸ್ತಾ, ಜೋಕ್ ಅನ್ನೋ ಯೋಚನೇನೇ ಇಲ್ದೆ, "ಈ ಟೇಬಲ್‌ಗೆ ನಾನು 2013ರಲ್ಲಿ ಟೆಂಪ್ ಅಂತ ಹೆಸರಿಟ್ಟೆ, ಇವತ್ತು ಇದ್ರಲ್ಲಿ ನಲವತ್ತು ಕೋಟಿ ರೋ ಇದೆ" ಅಂದೆ. ಟೆಂಪ್ ಅಂದ್ರೆ ತಾತ್ಕಾಲಿಕ. ಇಡೀ ರೂಮು ನಕ್ತು. ಕೆಳಗೆ ಬರೆದಿರೋದೆಲ್ಲ ಆ ಎರಡು ವಾಕ್ಯಕ್ಕೆ ಯಾಕೆ ಬೇರೆ ಬೇರೆ ಗತಿ ಬಂತು ಅಂತ ಆಮೇಲೆ ತಲೆ ಕೆರ್ಕೊಂಡು ಕಂಡ್ಕೊಂಡಿದ್ದು.

## ಶುರು ಮಾಡೋಕೆ ಮುಂಚೆ ಬೇಕಾಗೋದು

ಜಾಸ್ತಿ ಏನಿಲ್ಲ. ಫೋನ್‌ನಲ್ಲಿ ವಾಯ್ಸ್ ರೆಕಾರ್ಡರ್, ಒಂದು ಸ್ಟಾಪ್‌ವಾಚ್, ಒಂದು ಚಿಕ್ಕ ನೋಟ್‌ಬುಕ್. ನೋಟ್‌ಬುಕ್ ಬದಲು ಫೋನ್ ನೋಟ್ಸ್ ಆದ್ರೂ ಸರಿ, ಆದ್ರೆ ಒಂದೇ ಜಾಗದಲ್ಲಿ ಇರ್ಲಿ, ಅರ್ಧ ಸ್ಲ್ಯಾಕ್‌ನಲ್ಲಿ ಅರ್ಧ ವಾಟ್ಸಾಪ್‌ನಲ್ಲಿ ಇದ್ರೆ ಬೇಕಾದಾಗ ಸಿಗಲ್ಲ.

ಇನ್ನು ಮೂರು ಜನ ಬೇಕು. ನಿಮ್ಮ ಟೀಮ್‌ನವರು ಒಬ್ರು, ಬೇರೆ ಟೀಮ್‌ನವರು ಒಬ್ರು, ಕಂಪ್ಯೂಟರ್‌ಗೂ ತನಗೂ ಸಂಬಂಧವೇ ಇಲ್ಲ ಅನ್ನೋ ಮನೆಯವರು ಒಬ್ರು. ನನ್ನ ಮೂರನೆಯವರು ನಮ್ಮಕ್ಕ. ಅವಳಿಗೆ ಸರ್ವರ್ ಅಂದ್ರೆ ಹೋಟ್ಲಲ್ಲಿ ಬಡಿಸೋರು. ಅವಳು ನಕ್ಕಿದ್ದು ಎಲ್ಲಿ ಹೇಳಿದ್ರೂ ನಡೆಯುತ್ತೆ.

## ಹಂತ 1: ಮೊದಲು ಒಂದೂ ಜೋಕ್ ಇಲ್ದೆ ಟಾಕ್ ಮುಗಿಸಿ

ಎಲ್ಲರೂ ತಪ್ಪೋದು ಇಲ್ಲೇ, ಅನುಕ್ರಮದಲ್ಲಿ. ಟಾಕ್ ಇನ್ನೂ ಅರ್ಧ ಆಗಿರಲ್ಲ, ಆಗ್ಲೇ "ಓಪನಿಂಗ್‌ಗೆ ಏನಾದ್ರೂ ಫನ್ನಿ ಬೇಕು" ಅಂತ ಹುಡುಕೋಕೆ ಕೂತ್ಕೋತಾರೆ. ಏನು ಹೇಳ್ಬೇಕು ಅನ್ನೋದೇ ಗೊತ್ತಿಲ್ದಾಗ ಹುಡುಕಿದ ಜೋಕು ಹೊರಗಿಂದಾನೇ ಬರುತ್ತೆ, ಆಮೇಲೆ ಅದನ್ನ ವಿಷಯಕ್ಕೆ ಅಂಟಿಸೋಕೆ ಇನ್ನೂ ಎರಡು ಸ್ಲೈಡ್ ಬೇಕಾಗುತ್ತೆ.

ಮೊದಲು ಒಂದು ಹಾಳೆ ಮೇಲೆ ಮೂರು ವಾಕ್ಯ ಬರೀರಿ: ಸಮಸ್ಯೆ ಏನಿತ್ತು, ಏನು ಮಾಡಿದ್ವಿ, ಕೇಳ್ದೋರು ನಾಳೆ ಆಫೀಸ್‌ಗೆ ಹೋಗಿ ಏನು ಬೇರೆ ಥರ ಮಾಡ್ಬೇಕು. ಇದ್ರ ಮೇಲೆ ಪೂರ್ತಿ ಟಾಕ್ ಕಟ್ಟಿ, ಒಂದು ಸಲ ಜೋರಾಗಿ ಹೇಳಿ ರೆಕಾರ್ಡ್ ಮಾಡಿ. 30 ನಿಮಿಷದ ಸ್ಲಾಟ್ ಆದ್ರೆ ನಗು ಇಲ್ದೆ 26 ನಿಮಿಷಕ್ಕೆ ಮುಗೀಬೇಕು, ಯಾಕಂದ್ರೆ ನಗೋಕೆ ಟೈಮ್ ಹೋಗುತ್ತೆ, ನಗದೆ ಇದ್ರೆ ನಿಮ್ಮ ಗಾಬರಿಗೆ ಇನ್ನೂ ಜಾಸ್ತಿ ಹೋಗುತ್ತೆ.

ಎಚ್ಚರಿಕೆಯ ಗುರುತು: ಜೋಕ್ ತೆಗೆದ್ರೆ ಟಾಕ್ ಸಪ್ಪೆ ಆಗುತ್ತೆ ಅನ್ನಿಸ್ತಿದ್ರೆ ಟಾಕೇ ಸಪ್ಪೆ ಇದೆ. ಅದನ್ನ ಮೊದ್ಲು ಸರಿ ಮಾಡಿ.

## ಹಂತ 2: ರೂಮಲ್ಲಿ ಯಾರಿರ್ತಾರೆ ಅಂತ ತಿಳ್ಕೊಳ್ಳಿ

ಸಂಘಟಕರಿಗೆ ಮೆಸೇಜ್ ಹಾಕಿ ನಾಲ್ಕು ಪ್ರಶ್ನೆ ಕೇಳಿ. ಎಷ್ಟು ಜನ, ಎಷ್ಟು ವರ್ಷದ ಅನುಭವದವರು, ಯಾವ ಭಾಷೆಯವರು, ನನ್ನ ಮುಂಚೆ ಯಾರ ಟಾಕ್ ಇದೆ. ನಾಲ್ಕನೇದನ್ನ ಯಾರೂ ಕೇಳಲ್ಲ. ಅವರೂ ಅದೇ ಔಟೇಜ್ (ಸಿಸ್ಟಮ್ ಬಿದ್ದುಹೋದ) ಕಥೆ ಹೇಳೋ ಪ್ಲಾನ್‌ನಲ್ಲಿದ್ರೆ ನಿಮ್ಮ ಹೊಟ್ಟೆ ಮೇಲೆ ಕಲ್ಲು.

ಬೆಂಗಳೂರಿನ ಮೀಟಪ್ ಅಂದ್ರೆ ರೂಮಲ್ಲಿ ಅರ್ಧ ಜನಕ್ಕೆ ಕನ್ನಡ ಬರ್ದೆ ಇರಬಹುದು. ಇಂಗ್ಲಿಷ್ ಟಾಕ್ ನಡುವೆ ಒಂದು ಕನ್ನಡ ಡೈಲಾಗ್ ಹೊಡೆದ್ರೆ ಅರ್ಧ ರೂಮು ನಗುತ್ತೆ, ಉಳಿದರ್ಧ ಅಕ್ಕಪಕ್ಕದವರ ಮುಖ ನೋಡುತ್ತೆ, ಆಮೇಲೆ ನೀವು ಅದನ್ನ ಅನುವಾದ ಮಾಡ್ತೀರಿ, ಅನುವಾದ ಮಾಡಿದ್ಮೇಲೆ ಯಾರೂ ನಗಲ್ಲ. ಹೇಳ್ಲೇಬೇಕು ಅಂತಿದ್ರೆ ಮೊದ್ಲು ಅರ್ಥ ಹೇಳಿ ಆಮೇಲೆ ಗಾದೆ ಹೇಳಿ. ಡೇಟಾಬೇಸ್ ನಿಧಾನ ಆದಾಗ ಆಪ್ ಸರ್ವರ್ ರೀಸ್ಟಾರ್ಟ್ ಮಾಡ್ತಾ ಕೂತಿದ್ದ ಕಥೆ ಪೂರ್ತಿ ಹೇಳಿ, ಎಲ್ರಿಗೂ ಅದು ಎಷ್ಟು ದಡ್ಡತನ ಅಂತ ಅರ್ಥ ಆದ್ಮೇಲೆ "ನಮ್ಮಲ್ಲಿ ಇದಕ್ಕೆ ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಅಂತಾರೆ" ಅಂದು, ಎತ್ತು ಯಾವುದು ಎಮ್ಮೆ ಯಾವುದು ಅಂತ ಆರ್ಕಿಟೆಕ್ಚರ್ ಡಯಾಗ್ರಮ್‌ನಲ್ಲಿ ಬೆರಳು ತೋರಿಸಿ. ಕನ್ನಡ ಬರ್ದೋರೂ ನಗ್ತಾರೆ.

ಜಿಲ್ಲಾ ಕೇಂದ್ರದ ಎಂಜಿನಿಯರಿಂಗ್ ಕಾಲೇಜಿಗೆ ಹೋಗಿ ಕನ್ನಡದಲ್ಲೇ ಮಾತಾಡ್ತೀರಿ ಅಂದ್ರೆ ಕಷ್ಟ ಬೇರೆ ಥರದ್ದು. ಅಲ್ಲಿ ಹುಡುಗ್ರಿಗೆ ಪ್ರೊಡಕ್ಷನ್ ಔಟೇಜ್ ಏನು ಅಂತಾನೇ ಅನುಭವ ಇರಲ್ಲ, ರಾತ್ರಿ ಮೂರಕ್ಕೆ ಪೇಜರ್ ಹೊಡ್ಕೊಳ್ಳೋ ಜೋಕ್ ಅವರಿಗೆ ತಾಗಲ್ಲ. ಲ್ಯಾಬ್ ಎಕ್ಸಾಮ್, ವೈವಾ, ಸೀನಿಯರ್ ಹತ್ರ ಇಸ್ಕೊಂಡ ಪ್ರಾಜೆಕ್ಟ್ ರಿಪೋರ್ಟಲ್ಲಿ ಸೀನಿಯರ್ ಹೆಸ್ರು ಹಾಗೇ ಉಳಿದಿದ್ದು, ಇದು ತಾಗುತ್ತೆ.

ರಾಜ್ಯೋತ್ಸವದ ಟೈಮಲ್ಲಿ ಆಫೀಸ್‌ಗಳಲ್ಲಿ ನಡೆಯೋ ಒಂದು ವಿಷಯ ನನಗೆ ಸರಿ ಬರಲ್ಲ. ಟೆಕ್ ಪದಗಳಿಗೆ ಉದ್ದುದ್ದ ಸಂಸ್ಕೃತ ಪದ ಕಟ್ಟಿ ಒಂದೊಂದೇ ಓದಿ ನಗಿಸೋದು. ನಗು ಬರುತ್ತೆ, ಗ್ಯಾರಂಟಿ. ಆದ್ರೆ ರೂಮಿಗೆ ಗೊತ್ತಾಗೋದು ಕನ್ನಡದಲ್ಲಿ ಈ ವಿಷಯ ಮಾತಾಡೋದೇ ಒಂದು ತಮಾಷೆ ಅಂತ, ಅದಾದ್ಮೇಲೆ ಯಾರಾದ್ರೂ ಸೀರಿಯಸ್ಸಾಗಿ ಕನ್ನಡದಲ್ಲಿ ಟಾಕ್ ಕೊಟ್ರೆ ಮೊದಲ ಐದು ನಿಮಿಷ ಜನ ಜೋಕ್‌ಗೆ ಕಾಯ್ತಾ ಇರ್ತಾರೆ.

## ಹಂತ 3: ವಿಷಯದ ಒಳಗೇ ಹುಡುಕಿ

ಯಕ್ಷಗಾನ ನೋಡೋರಿಗೆ ಗೊತ್ತಿರುತ್ತೆ, ಹಾಸ್ಯಗಾರ ಕಥೆ ನಿಲ್ಲಿಸಿ ಜೋಕ್ ಹೇಳಿ ಹೋಗೋನಲ್ಲ, ದೂತನೋ ಸೇವಕನೋ ಆಗಿ ಪ್ರಸಂಗದ ಒಳಗೇ ಬರ್ತಾನೆ, ಅವನು ಹೋಗೋ ಹೊತ್ತಿಗೆ ಕಥೆ ಒಂದು ಹೆಜ್ಜೆ ಮುಂದೆ ಹೋಗಿರುತ್ತೆ. ನಿಮ್ಮ ಹಾಸ್ಯನೂ ಹಾಗೇ ಒಂದು ಕೆಲಸ ಮಾಡ್ಬೇಕು: ಒಂದು ಕಾನ್ಸೆಪ್ಟ್ ಅರ್ಥ ಮಾಡಿಸ್ಬೇಕು, ಇಲ್ಲ ಒಂದು ತಪ್ಪನ್ನ ಮರೀದ ಹಾಗೆ ಮಾಡ್ಬೇಕು.

ಹುಡುಕೋ ಜಾಗ ಮೂರು.

ಒಂದು, ನಿಮ್ಮದೇ ಕಸ. ಕೋಡ್ ಬದಲಾಯಿಸಿದಾಗ ಬರೆದಿಟ್ಟ ಹಳೇ ಕಮಿಟ್ ಮೆಸೇಜು ("ಫೈನಲ್", ಆಮೇಲೆ "ಫೈನಲ್ 2", ಆಮೇಲೆ "ದೇವ್ರೇ"), ಎಂಟು ವರ್ಷದಿಂದ ಕೂತಿರೋ ಟುಡು ಕಾಮೆಂಟು, ಯಾರೂ ಮುಟ್ಟೋಕೆ ಧೈರ್ಯ ಮಾಡದ ಸರ್ವರು, ರಾತ್ರಿ ಇನ್ಸಿಡೆಂಟ್ ಚಾನೆಲ್‌ನಲ್ಲಿ ನೀವು ಟೈಪ್ ಮಾಡಿದ್ದು. ಇಂಥದ್ದು ಹತ್ತು ತೆಗೆದು ನೋಟ್‌ಬುಕ್‌ಗೆ ಬರ್ಕೊಳ್ಳಿ, ಆಗ್ಲೇ ಪಾಲಿಶ್ ಮಾಡ್ಬೇಡಿ. ಕಂಪನಿ ಒಳಗಿನ ವಿಷಯ ಹೊರಗೆ ಹೇಳೋ ಹಾಗಿದ್ರೆ ಮ್ಯಾನೇಜರ್ ಹತ್ರ ಮೊದಲೇ ಒಪ್ಪಿಗೆ ತಗೊಳ್ಳಿ, ಕಸ್ಟಮರ್ ಹೆಸರು, ಐಪಿ ಅಡ್ರೆಸ್ ಕಾಣಿಸೋ ಸ್ಕ್ರೀನ್‌ಶಾಟ್ ಹಾಕಿ ಸಿಕ್ಕಾಕೊಂಡೋರು ಇದಾರೆ.

ಎರಡು, ಎಲ್ರಿಗೂ ಗೊತ್ತಿರೋ, ಕಂಪನಿಯವರೇ ಒಪ್ಕೊಂಡಿರೋ ಅವಘಡಗಳು. 2017ರ ಫೆಬ್ರವರಿ 28ಕ್ಕೆ ಅಮೆಜಾನ್ ಎಸ್‌3 (ಸೈಟ್‌ಗಳು ಫೈಲ್ ಇಡೋ ಕ್ಲೌಡ್ ಸ್ಟೋರೇಜ್) ಬಿದ್ದಾಗ ಅದರ ಸ್ಟೇಟಸ್ ಡ್ಯಾಶ್‌ಬೋರ್ಡನ್ನ ಅಪ್‌ಡೇಟ್ ಮಾಡೋಕಾಗ್ಲಿಲ್ಲ, ಯಾಕಂದ್ರೆ ಆ ಡ್ಯಾಶ್‌ಬೋರ್ಡ್‌ನ ಅಡ್ಮಿನ್ ಕನ್ಸೋಲೂ ಎಸ್‌3 ಮೇಲೇ ನಿಂತಿತ್ತು. ಅದೇ ವರ್ಷ ಜನವರಿ 31ಕ್ಕೆ ಕೋಡ್ ಇಡೋ ಸೇವೆ ಗಿಟ್‌ಲ್ಯಾಬ್‌ನಲ್ಲಿ ಪ್ರೊಡಕ್ಷನ್ ಡೇಟಾಬೇಸ್ ಡಿಲೀಟ್ ಆಯ್ತು, ಐದು ಥರದ ಬ್ಯಾಕಪ್ ರೆಪ್ಲಿಕೇಷನ್ ವ್ಯವಸ್ಥೆ ಇತ್ತು, ಒಂದೂ ನೆಟ್ಟಗೆ ಕೆಲಸ ಮಾಡ್ತಿರ್ಲಿಲ್ಲ, ಕಾಪಾಡಿದ್ದು ಒಬ್ಬ ಎಂಜಿನಿಯರ್ ಬೇರೆ ಯಾವ್ದೋ ಕೆಲ್ಸಕ್ಕೆ ಅಂತ ಸುಮಾರು ಆರು ಗಂಟೆ ಮುಂಚೆ ಕೈಯಾರೆ ತೆಗೆದಿದ್ದ ಸ್ನ್ಯಾಪ್‌ಶಾಟ್, ಆ ರಿಪೇರಿ ಕೆಲಸವನ್ನ ಅವರು ಲೈವ್ ಸ್ಟ್ರೀಮ್ ಕೂಡ ಮಾಡಿದ್ರು. 1999ರಲ್ಲಿ ನಾಸಾದ ಮಾರ್ಸ್ ಕ್ಲೈಮೇಟ್ ಆರ್ಬಿಟರ್ ನೌಕೆ ಕಳೆದುಹೋಗಿದ್ದು ಒಂದು ಸಾಫ್ಟ್‌ವೇರ್ ಪೌಂಡ್ ಲೆಕ್ಕದಲ್ಲಿ ಕೊಟ್ಟಿದ್ದನ್ನ ಇನ್ನೊಂದು ನ್ಯೂಟನ್ ಲೆಕ್ಕ ಅಂದ್ಕೊಂಡಿದ್ದಕ್ಕೆ. ಇದನ್ನ ನಮ್ಮ ರೂಮಲ್ಲಿ ಹೇಳೋದಾದ್ರೆ, "ಒಬ್ರು ಸೇರಲ್ಲಿ ಅಳೆದ್ರು, ಇನ್ನೊಬ್ರು ಕೆಜಿ ಅಂದ್ಕೊಂಡ್ರು. ಹೋಗಿದ್ದು ಅಕ್ಕಿ ಅಲ್ಲ, ನೌಕೆ." ಇನ್ನು ಎಚ್‌ಟಿಟಿಪಿಯ ರೆಫರರ್ ಹೆಡರ್ (ಯಾವ ಪುಟದಿಂದ ಬಂದ್ರಿ ಅಂತ ಬ್ರೌಸರ್ ಸೈಟ್‌ಗೆ ಹೇಳೋ ಸಾಲು) ನೋಡಿ, ಸ್ಪೆಲಿಂಗ್‌ನಲ್ಲಿ ಒಂದು ಆರ್ ಬಿಟ್ಟುಹೋಗಿರೋದು 1996ರ ಸ್ಟ್ಯಾಂಡರ್ಡ್ ಡಾಕ್ಯುಮೆಂಟ್‌ನಲ್ಲೇ ಇದೆ, ಇವತ್ತಿಗೂ ಬ್ರೌಸರ್‌ಗಳು ಅದೇ ತಪ್ಪನ್ನ ಶ್ರದ್ಧೆಯಿಂದ ಕಳಿಸ್ತಾ ಇವೆ. "ಆಮೇಲೆ ಸರಿ ಮಾಡೋಣ" ಅಂದ್ರೆ ಯಾವಾಗ ಅಂತ ಯಾರಾದ್ರೂ ಕೇಳಿದ್ರೆ ಇದನ್ನ ತೋರಿಸಿ.

1947ರ ಪತಂಗದ ಕಥೆ ಮಾತ್ರ ಬೇಡ, ಹಾರ್ವರ್ಡ್ ಕಂಪ್ಯೂಟರ್ ಒಳಗೆ ಸಿಕ್ಕ ಮೊದಲ ಬಗ್ ಅನ್ನೋದು. ಎಲ್ರೂ ಕಾಲೇಜಲ್ಲೇ ಕೇಳಿದಾರೆ.

ಮೂರು, ಹೋಲಿಕೆ. ಇದು ಕನ್ನಡದವರ ಕೈಲಿರೋ ದೊಡ್ಡ ಬಂಡವಾಳ, ಯಾರೂ ಬಳಸಲ್ಲ, ಎಲ್ಲ ಪಿಜ್ಜಾ ಡೆಲಿವರಿ ಹೋಲಿಕೆನೇ ಕೊಡ್ತಾರೆ. ಥಂಡರಿಂಗ್ ಹರ್ಡ್ ಅನ್ನೋ ಸಮಸ್ಯೆ ಇದೆಯಲ್ಲ, ಸರ್ವರ್ ಎದ್ದ ತಕ್ಷಣ ಕಾಯ್ತಾ ಇದ್ದ ಕ್ಲೈಂಟ್‌ಗಳೆಲ್ಲ ಒಟ್ಟಿಗೆ ಮುಗಿಬಿದ್ದು ಮತ್ತೆ ಕೆಡವೋದು, ಅದನ್ನ ಹಳ್ಳಿ ಕಡೆಯಿಂದ ಬಂದೋರಿಗೆ ವಿವರಿಸೋದೇ ಬೇಡ. ತ್ರೀ ಫೇಸ್ ಕರೆಂಟ್ ಬಂತು, ಆಟೋ ಸ್ಟಾರ್ಟರ್ ಹಾಕಿರೋ ಪಂಪ್‌ಸೆಟ್ ಎಲ್ಲ ಒಂದೇ ಕ್ಷಣಕ್ಕೆ ಎದ್ದವು, ಟ್ರಾನ್ಸ್‌ಫಾರ್ಮರ್ ಹೋಯ್ತು. ಒಬ್ಬೊಬ್ರು ಒಂದೊಂದು ನಿಮಿಷ ತಡ ಮಾಡಿ ಹಾಕಿದ್ರೆ ಎಲ್ರಿಗೂ ನೀರು, ಅದರ ಹೆಸರೇ ಜಿಟ್ಟರ್. "ನಮ್ಮಪ್ಪ ಇದನ್ನ ಊರಲ್ಲಿ ಇಪ್ಪತ್ತು ವರ್ಷದಿಂದ ಹೇಳ್ತಿದ್ರು, ನಾನು ಒಂದು ಔಟೇಜ್ ಆದ್ಮೇಲೆ ಕಲ್ತೆ" ಅಂತ ಮುಗಿಸಿ.

ಕ್ರಾನ್ ಜಾಬ್‌ಗೆ (ಹೇಳಿದ ಹೊತ್ತಿಗೆ ತಾನಾಗೇ ಓಡೋ ಪ್ರೋಗ್ರಾಂ) ನನ್ನ ಹತ್ರ ಅಜ್ಜಿ ಇದಾರೆ. "ನಮ್ಮ ಈ ಕ್ರಾನ್ ಜಾಬು ನಮ್ಮಜ್ಜಿ ಥರ. ಬೆಳಗ್ಗೆ ನಾಲ್ಕಕ್ಕೆ ಏಳುತ್ತೆ. ಎದ್ದು ಏನು ಮಾಡುತ್ತೆ ಅಂತ ಮನೇಲಿ ಯಾರಿಗೂ ಗೊತ್ತಿಲ್ಲ. ಒಂದಿನ ಏಳ್ಲಿಲ್ಲ ಅಂದ್ರೆ ಯಾರಿಗೂ ಕಾಫಿ ಇಲ್ಲ." ನಗ್ತಾರೆ, ಜೊತೆಗೆ ಡಾಕ್ಯುಮೆಂಟ್ ಇಲ್ಲದ ಕ್ರಾನ್ ಯಾಕೆ ಅಪಾಯ ಅಂತ ಇನ್ನೊಂದು ಮಾತು ಹೇಳೋದೇ ಬೇಕಾಗಲ್ಲ.

ಎಚ್ಚರಿಕೆಯ ಗುರುತು: ಜನ ಸತ್ತಿರೋ, ಗಾಯ ಆಗಿರೋ ಕೇಸಲ್ಲಿ ತಮಾಷೆ ಬೇಡವೇ ಬೇಡ. 1985ರಿಂದ 87ರ ನಡುವೆ ಥೆರಾಕ್-25 ರೇಡಿಯೇಷನ್ ಮಷಿನ್ ರೋಗಿಗಳಿಗೆ ವಿಪರೀತ ಡೋಸ್ ಕೊಟ್ಟಿದ್ದು ಸಾಫ್ಟ್‌ವೇರ್ ಪಾಠಗಳಲ್ಲಿ ಬರೋ ಕೇಸು, ಅದನ್ನ ಹೇಳೋದಾದ್ರೆ ಅದರ ಹಿಂದಿನ ಸ್ಲೈಡಲ್ಲೂ ನಗು ಇರ್ಬಾರ್ದು, ಯಾಕಂದ್ರೆ ನಗ್ತಾ ಇರೋ ಬಾಯಿ ಮುಚ್ಚೋಕೆ ಸ್ವಲ್ಪ ಹೊತ್ತು ಬೇಕು.

## ಹಂತ 4: ಯಾರ ಖರ್ಚಲ್ಲಿ ನಗಿಸ್ತಿದ್ದೀರಿ ಅಂತ ನೋಡಿ

ಬರೆದಿಟ್ಟ ಒಂದೊಂದು ಸಾಲಿನ ಪಕ್ಕನೂ ಒಂದು ಹೆಸರು ಬರೀರಿ, ಈ ನಗುವಿಗೆ ದುಡ್ಡು ಕೊಡೋರು ಯಾರು ಅಂತ. "ನಾನು" ಅಂತ ಬಂದ್ರೆ ಇಟ್ಕೊಳ್ಳಿ. "ನಮ್ಮ ಸಿಸ್ಟಮ್ಮು", "ವೈಎಎಂಎಲ್ ಸೆಟ್ಟಿಂಗ್ ಫೈಲ್‌ನ ಸ್ಪೇಸು", "ಟೈಮ್‌ಝೋನು" ಅಂತ ಬಂದ್ರೂ ಇಟ್ಕೊಳ್ಳಿ, ಪಾಪ ಅವು ಎಚ್‌ಆರ್‌ಗೆ ಕಂಪ್ಲೇಂಟ್ ಕೊಡಲ್ಲ. ಟೆಸ್ಟರ್, ಫ್ರೆಷರ್, ಸಪೋರ್ಟ್ ಟೀಮು, ಸೆಕ್ಯುರಿಟಿ ಅಣ್ಣ, ಹೆಂಗಸ್ರು, ಬೇರೆ ರಾಜ್ಯದವ್ರು ಅಂತ ಬಂದ್ರೆ ಹೊಡೆದು ಹಾಕಿ, ಎಷ್ಟೇ ಚೆನ್ನಾಗಿದ್ರೂ. ಟೆಸ್ಟರ್ ಮೇಲಿನ ಜೋಕ್‌ಗೆ ಡೆವಲಪರ್‌ಗಳು ನಗ್ತಾರೆ ನಿಜ, ಆದ್ರೆ ರೂಮಲ್ಲಿರೋ ಆರು ಜನ ಟೆಸ್ಟರ್‌ಗಳು ಅಲ್ಲಿಂದ ಮುಂದೆ ನಿಮ್ಮ ಮಾತು ಕೇಳಲ್ಲ, ನಿಮ್ಮ ಸ್ಲೈಡಲ್ಲಿ ಬಗ್ ಹುಡುಕ್ತಾರೆ. ಸಿಗುತ್ತೆ ಕೂಡ.

ಮಾತಿನ ಶೈಲಿ ಅಣಕಿಸೋದನ್ನೂ ಇದರಲ್ಲೇ ಸೇರಿಸಿ. ಬೆಂಗ್ಳೂರಲ್ಲಿ ಹುಟ್ಟಿ ಬೆಳೆದೋರು ಹುಬ್ಬಳ್ಳಿ ಮಾತು, ಮಂಗಳೂರು ಮಾತು ಎಳೆದೆಳೆದು ಆಡಿ ನಗಿಸೋಕೆ ಹೋದ್ರೆ ಆ ಕಡೆಯೋರಿಗೆ ಎರಡು ಸಿಟ್ಟು: ಒಂದು ಅಣಕಿಸಿದ್ದಕ್ಕೆ, ಇನ್ನೊಂದು ತಪ್ಪಾಗಿ ಅಣಕಿಸಿದ್ದಕ್ಕೆ. ನಿಮ್ಮೂರಿನ ಮಾತು ಅದೇ ಆಗಿದ್ರೆ ಧಾರಾಳವಾಗಿ ಆಡಿ, ಟಾಕ್ ಪೂರ್ತಿ ಅದ್ರಲ್ಲೇ ಕೊಡಿ.

ತನ್ನನ್ನೇ ತಾನು ಆಡ್ಕೊಳ್ಳೋದಕ್ಕೂ ಒಂದು ಗೆರೆ ಇದೆ, ಇದನ್ನ ಹೊಸಬರು ಜಾಸ್ತಿ ದಾಟ್ತಾರೆ. ನಿಮ್ಮ ತಪ್ಪಿನ ಬಗ್ಗೆ ನಗಿ, ನಿಮ್ಮ ಯೋಗ್ಯತೆ ಬಗ್ಗೆ ಅಲ್ಲ. "ಆವತ್ತು ನಾನು ಪ್ರೊಡಕ್ಷನ್ ಟರ್ಮಿನಲ್‌ನ ಸ್ಟೇಜಿಂಗ್ ಅಂದ್ಕೊಂಡೆ" ಅನ್ನೋದು (ನಿಜವಾದ ಸಿಸ್ಟಮ್‌ನ ಟೆಸ್ಟ್ ಸಿಸ್ಟಮ್ ಅಂದ್ಕೊಂಡಿದ್ದು) ಕಥೆ, ಜನ ಮುಂದಕ್ಕೆ ಬಾಗಿ ಕೇಳ್ತಾರೆ. "ನನಗೇನೂ ಅಷ್ಟಾಗಿ ಗೊತ್ತಿಲ್ಲ, ಯಾಕೆ ಕರೆದ್ರೋ ನನ್ನನ್ನ, ಹಿಹಿ" ಅಂದ್ರೆ ಅವರೂ ಅದನ್ನೇ ಯೋಚಿಸೋಕೆ ಶುರು ಮಾಡ್ತಾರೆ. ಟೀಮ್‌ನಲ್ಲಿ ಒಬ್ಳೇ ಹುಡುಗಿಯಾಗಿ, ಇಲ್ಲಾ ಎಲ್ರಿಗಿಂತ ಚಿಕ್ಕವರಾಗಿ ಸ್ಟೇಜ್ ಹತ್ತೋರು ಇದನ್ನ ಇನ್ನೂ ಕಮ್ಮಿ ಮಾಡಿ, ಮೊದಲ ಹತ್ತು ನಿಮಿಷ ಒಂದೂ ಬೇಡ, ಕೆಲಸ ಗೊತ್ತಿದೆ ಅಂತ ಕಾಣಿಸ್ಲಿ, ಆಮೇಲೆ ತಪ್ಪು ಒಪ್ಕೊಳ್ಳಿ.

## ಹಂತ 5: ವಾಕ್ಯವನ್ನ ಕನ್ನಡಕ್ಕೆ ತಕ್ಕ ಹಾಗೆ ಕತ್ತರಿಸಿ

ಈ ಹಂತಾನ ಓದಿ ಬಿಡೋದಲ್ಲ, ಪೆನ್ ಹಿಡ್ಕೊಂಡು ಮಾಡಿ, ಫಲ ಜಾಸ್ತಿ ಸಿಗೋದು ಇಲ್ಲೇ.

ನಗು ತರೋ ಪದ ವಾಕ್ಯದ ತುದಿಗೆ ಬರ್ಬೇಕು, ಅದಾದ್ಮೇಲೆ ಒಂದಕ್ಷರನೂ ಇರ್ಬಾರ್ದು. ಕನ್ನಡದಲ್ಲಿ ತೊಂದರೆ ಏನಂದ್ರೆ ಕ್ರಿಯಾಪದ ಕೊನೆಗೆ ಬರುತ್ತೆ, ಅದರ ಹಿಂದೆ "ಅಂತ", "ಅಂತ ಹೇಳಿದ್ರು", "ಅನ್ನೋದು ಆಮೇಲೆ ಗೊತ್ತಾಯ್ತು" ಅಂತ ಬಾಲ ಬೆಳೆಯುತ್ತೆ. ಪಂಚ್ ನಡುವಲ್ಲಿ ಸಿಡಿದು ಬಾಲ ಎಳೆಯೋ ಹೊತ್ತಿಗೆ ನಗು ತಣ್ಣಗಾಗಿರುತ್ತೆ.

ನೋಡಿ, ಇದು ನನಗೆ ಒಬ್ರು ಕಳ್ಸಿದ್ದ ಸಾಲು: "ಎಸ್‌3 ಬಿದ್ದಾಗ ಸ್ಟೇಟಸ್ ಪೇಜ್ ಕೂಡ ಎಸ್‌3 ಮೇಲೆ ಅವಲಂಬಿತ ಆಗಿದ್ರಿಂದ ಎಲ್ಲ ಹಸಿರಾಗೇ ತೋರಿಸ್ತಾ ಇತ್ತು ಅಂತ ಜನ ಹೇಳ್ತಾ ಇದ್ರು." ಇದು ವರದಿ. ಇದನ್ನ ಹೀಗೆ ಮಾಡಿದ್ವಿ: "ಎಸ್‌3 ಬಿತ್ತು. ಅದನ್ನ ನಂಬ್ಕೊಂಡಿದ್ದ ಸೈಟ್‌ಗಳೂ ಬಿದ್ವು. ಓಡಿಹೋಗಿ ಸ್ಟೇಟಸ್ ಪೇಜ್ ನೋಡಿದ್ರೆ... ಹಸಿರು." ಯಾಕೆ ಹಸಿರು ಅನ್ನೋ ಕಾರಣ ನಗು ಮುಗಿದ್ಮೇಲೆ ಹೇಳಿ, ಆಗ ಆ ಕಾರಣನೇ ನಿಮ್ಮ ಪಾಠ.

ಮಾಡೋ ಕ್ರಮ ಹೀಗೆ. "ಅವರು ಹೇಳಿದ್ದು ಏನಂದ್ರೆ", "ಸ್ಕ್ರೀನ್ ಮೇಲೆ ಬಂದಿದ್ದು" ಇಂಥದ್ದನ್ನೆಲ್ಲ ವಾಕ್ಯದ ಮುಂದಕ್ಕೆ ತನ್ನಿ. ಕೊನೆಯ ಕ್ರಿಯಾಪದ ಇಲ್ದೆನೂ ಅರ್ಥ ಆದ್ರೆ ಅದನ್ನ ಬಿಡಿ, ಮಾತಿನಲ್ಲಿ ಹಾಗೇ ಆಡ್ತೀವಿ. ಉದ್ದ ವಾಕ್ಯ ಮೂರು ತುಂಡು ಮಾಡಿ, ಕೊನೇದು ಎಲ್ಲಕ್ಕಿಂತ ಚಿಕ್ಕದಾಗಿರ್ಲಿ. ಊರು, ವರ್ಷ, ಹೆಸರು, ಯಾರ ಜೊತೆ ಇದ್ರಿ ಅನ್ನೋದ್ರಲ್ಲಿ ನಗುವಿಗೆ ಬೇಡದ್ದು ತೆಗೀರಿ, ಆದ್ರೆ ಅಂಕಿ ಇಟ್ಕೊಳ್ಳಿ, "ತುಂಬಾ ರೋ" ಅಂದ್ರೆ ಯಾರೂ ನಗಲ್ಲ, "ನಲವತ್ತು ಕೋಟಿ ರೋ" ಅಂದ್ರೆ ನಗ್ತಾರೆ. ಅಂಕಿ ನಿಜ ಇರ್ಲಿ, ಮೊದಲ ಸಾಲಲ್ಲಿ ನಿಮ್ಮ ಟೀಮ್‌ನವರೇ ಕೂತಿರ್ತಾರೆ.

ಇನ್ನೊಂದು ತಪ್ಪು, ಪದದಾಟ. ಕ್ಯಾಶ್ ಮತ್ತು ಕ್ಯಾಷು, ಬಗ್ಗು ಮತ್ತು ಬಗ್ಗಿಸೋದು, ಟೈಪ್ ಮಾಡುವಾಗ ನಿಮಗೆ ಸಿಕ್ಕಾಪಟ್ಟೆ ಖುಷಿ ಕೊಡುತ್ತೆ, ರೂಮಲ್ಲಿ ಒಂದು ನರಳಾಟ ಬರುತ್ತೆ. ಇಡೀ ಟಾಕ್‌ಗೆ ಒಂದು, ಅದೂ ಬಾಯಿ ತಡೀದೆ ಇದ್ರೆ.

## ಹಂತ 6: ಎಲ್ಲಿ ಇಡ್ಬೇಕು, ಎಷ್ಟು ಇಡ್ಬೇಕು

ಅರ್ಧ ಗಂಟೆ ಟಾಕ್‌ಗೆ ನಾಲ್ಕೈದು ಸಾಕು, ನನ್ನ ಲೆಕ್ಕ ಇದು. ಹತ್ತು ಇದ್ರೆ ನೀವು ಹಾಸ್ಯೋತ್ಸವಕ್ಕೆ ಬಂದಿದ್ದೀರಿ, ಅಲ್ಲಿರೋ ಜನ ನಿಮಗಿಂತ ಚೆನ್ನಾಗಿ ಮಾಡ್ತಾರೆ.

ಮೊದಲ ವಾಕ್ಯದಲ್ಲೇ ಬೇಡ. ಜನ ಇನ್ನೂ ಕುರ್ಚಿ ಎಳ್ಕೋತಾ ಇರ್ತಾರೆ, ನಿಮ್ಮ ಮೈಕ್ ಸರಿ ಇದ್ಯಾ ಅಂತ ಗೊತ್ತಿರಲ್ಲ, ನಿಮ್ಮ ದನಿ ಅವರ ಕಿವಿಗೆ ಹೊಂದಿರಲ್ಲ. ಸಮಸ್ಯೆ ಏನು ಅಂತ ಹೇಳಿ, ಎರಡು ಮೂರು ನಿಮಿಷ ಆದ್ಮೇಲೆ ಮೊದಲನೇದು ಬರ್ಲಿ. ಕಷ್ಟದ ಕಾನ್ಸೆಪ್ಟ್ ಮುಗಿದ ತಕ್ಷಣ ಒಂದು ಬಂದ್ರೆ ತಲೆ ಹಗುರ ಆಗುತ್ತೆ. ಕಷ್ಟದ ಕಾನ್ಸೆಪ್ಟ್ ನಡುವೆ ಮಾತ್ರ ಇಡ್ಬೇಡಿ, ಕಟ್ಟಿದ ಎಳೆ ಕೈ ಬಿಟ್ಟು ಹೋಗುತ್ತೆ, ಮತ್ತೆ ಮೊದಲಿಂದ ಹೇಳ್ಬೇಕು. ಅವರು ನೆನಪಲ್ಲಿ ಇಟ್ಕೊಳ್ಲೇಬೇಕಾದ ಅಂಕಿ ಹೇಳೋಕೆ ಮುಂಚೆನೂ ಬೇಡ, ನಗುವಿನ ಸದ್ದಲ್ಲಿ ಅಂಕಿ ಮುಳುಗುತ್ತೆ.

ಮೊದ್ಲು ಹೇಳಿದ್ದನ್ನ ಕೊನೇಲಿ ಮತ್ತೆ ಕರೆಯೋದು ಎಲ್ಲಕ್ಕಿಂತ ಅಗ್ಗದ, ಒಳ್ಳೆ ಉಪಾಯ. ಐದನೇ ನಿಮಿಷದಲ್ಲಿ ಅಜ್ಜಿ ಬಂದಿದ್ರೆ ಇಪ್ಪತ್ತೈದನೇ ನಿಮಿಷದಲ್ಲಿ ಅಲರ್ಟಿಂಗ್ ಸ್ಲೈಡ್ ತೋರಿಸಿ "ಈಗ ಅಜ್ಜಿ ಏಳದೆ ಇದ್ರೆ ನಮಗೆ ಐದೇ ನಿಮಿಷಕ್ಕೆ ಗೊತ್ತಾಗುತ್ತೆ" ಅನ್ನಿ, ಹೊಸ ಜೋಕೇ ಬೇಡ.

## ಹಂತ 7: ಸ್ಲೈಡ್ ನಿಮ್ಮ ಪಂಚ್ ಕದಿಯದ ಹಾಗೆ ನೋಡ್ಕೊಳ್ಳಿ

ಜನ ನೀವು ಮಾತಾಡೋಕಿಂತ ಬೇಗ ಓದ್ತಾರೆ. ಪಂಚ್ ಸ್ಲೈಡಲ್ಲಿ ಬರೆದಿದ್ರೆ ಸ್ಲೈಡ್ ಬಂದ ಕೂಡ್ಲೇ ಮೂರು ಜನ ನಗ್ತಾರೆ, ನೀವು ಬಾಯಲ್ಲಿ ಹೇಳೋ ಹೊತ್ತಿಗೆ ಹಳಸಿರುತ್ತೆ. ಒಂದೋ ಸ್ಲೈಡ್ ಹೇಳ್ಲಿ ನೀವು ಸುಮ್ನಿರಿ, ಇಲ್ಲಾ ನೀವು ಹೇಳಿ ಸ್ಲೈಡ್ ಖಾಲಿ ಇರ್ಲಿ. ನಿಜವಾದ ಸ್ಕ್ರೀನ್‌ಶಾಟ್ ಆದ್ರೆ ಮೊದಲನೇ ದಾರಿ: ಎರರ್ ಮೆಸೇಜನ್ನ ದೊಡ್ಡದಾಗಿ ಹಾಕಿ, ನೀರು ಕುಡೀರಿ, ಅವರು ಓದ್ಲಿ.

ಮೀಮ್ ಬಗ್ಗೆ ಒಂದೇ ಮಾತು. ನೆಟ್‌ನಲ್ಲಿ ಸಿಕ್ಕಿದ್ದು ಅವರಿಗೂ ಸಿಕ್ಕಿರುತ್ತೆ.

## ಹಂತ 8: ಮೂರು ಜನರ ಮೇಲೆ ಪ್ರಯೋಗ

ಆ ಮೂರು ಜನಕ್ಕೆ ಬೇರೆ ಬೇರೆ ಸಲ ಹೇಳಿ. "ಇದು ಫನ್ನಿ ಇದ್ಯಾ?" ಅಂತ ಕೇಳ್ಬೇಡಿ, ನಮ್ಮ ಜನ ಒಳ್ಳೆಯವರು, ಬೇಜಾರಾಗುತ್ತೆ ಅಂತ ಹೂಂ ಅಂತಾರೆ. ಟಾಕ್‌ನ ಆ ಐದು ನಿಮಿಷದ ತುಂಡನ್ನ ಸುಮ್ನೆ ಹೇಳಿ, ರೆಕಾರ್ಡರ್ ಆನ್ ಇರ್ಲಿ, ಆಮೇಲೆ ಕೇಳಿಸ್ಕೊಳ್ಳಿ. ಮೂಗಿಂದ ಬಂದ ಗಾಳಿನೂ ಲೆಕ್ಕ.

ಮೂರರಲ್ಲಿ ಇಬ್ರು ನಗ್ಲಿಲ್ಲ ಅಂದ್ರೆ ಒಂದು ಸಲ ತಿದ್ದಿ, ಮತ್ತೂ ಆಗ್ಲಿಲ್ಲ ಅಂದ್ರೆ ತೆಗೀರಿ. ಒಬ್ರು ನಗೋ ಬದಲು "ಇದನ್ನ ಹೇಳ್ಬೋದಾ?" ಅಂತ ಕೇಳಿದ್ರೆ ಆ ಕ್ಷಣಾನೇ ತೆಗೀರಿ, ಎರಡನೇ ಅಭಿಪ್ರಾಯ ಬೇಡ. ನಮ್ಮಕ್ಕ ಒಂದ್ಸಲ "ಆ ಹುಡ್ಗ ಈಗ ಹೇಗಿದಾನೆ?" ಅಂತ ಕೇಳಿದ್ಲು, ನಾನು ತಮಾಷೆ ಅಂತ ಹೇಳಿದ್ದ ಇಂಟರ್ನ್ ಬಗ್ಗೆ. ಆ ಕಥೆ ಅಲ್ಲಿಗೇ ಮುಗೀತು.

## ಹಂತ 9: ಸ್ಟೇಜ್ ಮೇಲೆ

"ಒಂದು ತಮಾಷೆ ವಿಷ್ಯ ಹೇಳ್ತೀನಿ" ಅಂತ ಘೋಷಣೆ ಮಾಡ್ಬೇಡಿ. ಸಾಲ ಕೇಳೋಕೆ ಮುಂಚೆ ಪೀಠಿಕೆ ಹಾಕಿದ ಹಾಗಿರುತ್ತೆ, ಜನ ಹುಷಾರಾಗ್ತಾರೆ. ಉಳಿದ ಮಾತು ಹೇಳೋ ದನಿಯಲ್ಲೇ ಹೇಳಿ, ಆಗ ನಗ್ಲಿಲ್ಲ ಅಂದ್ರೂ ಅದು ಬರೀ ಒಂದು ಮಾಹಿತಿಯಾಗಿ ಉಳಿಯುತ್ತೆ, ಯಾರಿಗೂ ಏನೂ ಬಿದ್ದಿದ್ದು ಕಾಣಲ್ಲ. ನನ್ನ ಟೆಂಪ್ ಟೇಬಲ್ ಸಾಲು ಕೆಲಸ ಮಾಡಿದ್ದು ಹೀಗೇ, ನಾನದನ್ನ ದೂರಿನ ಥರ ಹೇಳಿದ್ದೆ.

ಕೊನೆಯ ಪದಕ್ಕೆ ಮುಂಚೆ ಒಂದು ಉಸಿರು ನಿಲ್ಲಿ. ಹೇಳಿದ್ಮೇಲೆ ಎರಡು ಸೆಕೆಂಡ್ ನಿಲ್ಲಿ, ಮನಸ್ಸಲ್ಲಿ ಎಣಿಸಿ, ಇದು ಅಭ್ಯಾಸ ಇಲ್ದೋರಿಗೆ ಎರಡು ನಿಮಿಷ ಅನ್ನಿಸುತ್ತೆ. ಹೊಸಬರು ಇಲ್ಲಿ ಹೆದರಿ ಮುಂದಿನ ವಾಕ್ಯಕ್ಕೆ ಓಡ್ತಾರೆ, ಬರ್ತಾ ಇದ್ದ ನಗುವನ್ನ ಅವರೇ ತುಳಿದು ಹಾಕ್ತಾರೆ. ನಗು ಬಂದ್ರೆ ಅದು ಇಳಿಯೋ ತನಕ ಬಾಯಿ ತೆರೀಬೇಡಿ, ನೀವು ಮೊದ್ಲು ನಗ್ಬೇಡಿ.

ಆನ್‌ಲೈನ್ ಟಾಕ್ ಆದ್ರೆ ಈ ನಿಲ್ಲೋದು ಎಲ್ಲ ಮರ್ತುಬಿಡಿ. ಎಲ್ರೂ ಮ್ಯೂಟ್‌ನಲ್ಲಿ ಇರ್ತಾರೆ, ನೀವು ನಗುವಿಗೆ ಕಾದ್ರೆ ಯಾರೋ ಒಬ್ರು "ಸರ್ ನಿಮ್ಮ ವಾಯ್ಸ್ ಕಟ್ ಆಗ್ತಿದೆ" ಅಂತಾರೆ. ಅರ್ಧ ಸೆಕೆಂಡ್ ಸಾಕು, ಮುಂದೆ ಹೋಗಿ, ಚಾಟ್‌ನಲ್ಲಿ ಬಂದಿದ್ದನ್ನ ಪ್ರಶ್ನೋತ್ತರದ ಹೊತ್ತಿಗೆ ನೋಡಿ.

## ಹಂತ 10: ಬಿದ್ದಾಗ ಏಳೋದು

ಯಾರೂ ನಗ್ಲಿಲ್ಲ. ಸರಿ. ಮುಂದಿನ ಸ್ಲೈಡ್. "ಯಾಕೋ ಯಾರೂ ನಗ್ತಿಲ್ಲ", "ಊಟ ಆಗಿದೆ ಅನ್ಸುತ್ತೆ", "ಅರ್ಥ ಆಯ್ತಾ?" ಇವು ಮೂರೂ ಬೇಡ. ಜೋಕನ್ನ ವಿವರಿಸೋದಂತೂ ಬೇಡವೇ ಬೇಡ.

ಡೆಮೊ ಕೈಕೊಟ್ಟಾಗ ಮಾತ್ರ ಒಂದು ಸಾಲು ಮೊದಲೇ ರೆಡಿ ಇರ್ಲಿ, ಆ ಹೊತ್ತಲ್ಲಿ ತಲೆ ಓಡಲ್ಲ. ನನ್ನದು "ಬೆಳಗ್ಗೆ ಮನೇಲಿ ಓಡ್ತಿತ್ತು. ಮನೆಯವರನ್ನ ಕೇಳಿ." ಅಷ್ಟು ಹೇಳಿ ರೆಕಾರ್ಡ್ ಮಾಡಿಟ್ಟ ವಿಡಿಯೋ ಹಾಕ್ತೀನಿ, ವಿಡಿಯೋ ಇಲ್ದೆ ಆ ಸಾಲು ಹೇಳಿ ಐದು ನಿಮಿಷ ಡೀಬಗ್ ಮಾಡ್ತಾ ನಿಂತ್ರೆ ಅದು ಹಾಸ್ಯ ಅಲ್ಲ, ಶಿಕ್ಷೆ.

ಯಾರಿಗಾದ್ರೂ ನೋವಾಗಿದೆ ಅಂತ ಮುಖದಲ್ಲಿ ಕಂಡ್ರೆ ಅಲ್ಲೇ, "ಆ ಮಾತು ಸರಿಯಿರ್ಲಿಲ್ಲ, ಕ್ಷಮಿಸಿ" ಅಂದು ಮುಂದೆ ಹೋಗಿ. "ತಮಾಷೆಗೆ ಹೇಳಿದ್ದು" ಅಂತ ಸೇರಿಸಿದ್ರೆ ಕ್ಷಮೆ ಕೇಳಿದ್ದು ವೇಸ್ಟ್. ಪ್ರಶ್ನೋತ್ತರದಲ್ಲಿ ಪ್ರಶ್ನೆ ಕೇಳಿದವರ ಮೇಲೆ ಯಾವತ್ತೂ ಜೋಕ್ ಮಾಡ್ಬೇಡಿ. ಅವರ ಕೈಲಿ ಮೈಕ್ ಬಂದಿರೋದು ಜೀವನದಲ್ಲಿ ಮೊದಲನೇ ಸಲ ಇರ್ಬಹುದು. ಒಬ್ರಿಗೆ ಹಾಗೆ ಆದ್ರೆ ಎತ್ತಿದ್ದ ಉಳಿದ ಕೈಗಳೆಲ್ಲ ಕೆಳಗೆ ಹೋಗ್ತವೆ.

## ಹಂತ 11: ಅವತ್ತೇ ರಾತ್ರಿ ಬರ್ದಿಡಿ

ಮನೆಗೆ ಬಂದು ನೋಟ್‌ಬುಕ್ ತೆಗೆದು ಒಂದೊಂದರ ಪಕ್ಕ ಬರೀರಿ: ಯಾವ ರೂಮು, ಎಷ್ಟು ಜನ, ನಕ್ರಾ ಇಲ್ವಾ, ಯಾವ ಪದಕ್ಕೆ ನಕ್ರು. ಬಹಳ ಸಲ ನೀವು ಅಂದ್ಕೊಂಡ ಪದಕ್ಕೆ ನಕ್ಕಿರಲ್ಲ, ಅದರ ಹಿಂದಿನದಕ್ಕೆ ನಕ್ಕಿರ್ತಾರೆ. ಹಾಗಿದ್ರೆ ಮುಂದಿನ ಸಲ ಅಲ್ಲೇ ನಿಲ್ಲಿಸಿ, ಉಳಿದಿದ್ದು ಕತ್ತರಿಸಿ. ಇದನ್ನ ಎರಡು ದಿನ ಬಿಟ್ಟು ಬರೆದ್ರೆ ಎಲ್ಲಕ್ಕೂ ಎಲ್ರೂ ನಕ್ಕಿದ್ರು ಅಂತಾನೇ ನೆನಪಿರುತ್ತೆ.

ಒಂದು ಜೋಕ್ ಎಷ್ಟು ಸಲ ಹೇಳ್ಬಹುದು ಅಂತ ಕೇಳ್ತಾರೆ. ರೆಕಾರ್ಡ್ ಆಗಿ ಯೂಟ್ಯೂಬ್‌ಗೆ ಹೋದ್ರೆ ಬೇಗ ಸಾಯುತ್ತೆ, ಇಲ್ಲ ಅಂದ್ರೆ ಊರು ಬದಲಾದ ಹಾಗೆ ಓಡುತ್ತೆ. ಕ್ರಾನ್ ಅಜ್ಜಿನ ನಾನು ಮೂರು ಕಡೆ ಹೇಳಿದ್ದೆ. ನಾಲ್ಕನೇ ಕಡೆ "ಬೆಳಗ್ಗೆ ನಾಲ್ಕಕ್ಕೆ ಏಳುತ್ತೆ" ಅಂದು ಉಸಿರು ತಗೋತಾ ಇದ್ದೆ, ಎರಡನೇ ಸಾಲಲ್ಲಿದ್ದ ಹುಡುಗ "ಕಾಫಿ ಇಲ್ಲ" ಅಂದ. ರೂಮು ಬಿದ್ದು ಬಿದ್ದು ನಕ್ತು, ಅವನಿಗೆ. ಆವತ್ತು 'ಡಿಲೀಟ್' ಅಂತ ಬರ್ಕೊಂಡಿದೀನಿ.